ಸಾಕು ಅಂದ ಮೇಲೆ ಇನ್ನೊಂದು

ಹೆಮ್ಮೆಪಡಲು ಪ್ರತಿಯೊಬ್ಬನಿಗೂ ಏನಾದರೊಂದು ಇರಬೇಕು. ಇಲ್ಲದಿದ್ದರೆ ಸಿಕ್ಕಸಿಕ್ಕಿದ್ದಕ್ಕೆಲ್ಲ ಹೆಮ್ಮೆಪಟ್ಟು ಮನೆಯವರ ತಲೆ ತಿನ್ನುತ್ತಾನೆ. ಯಡಿಯೂರಿನ ನಮ್ಮ ಬೀದಿಯನ್ನೇ ತೆಗೆದುಕೊಳ್ಳಿ. ಎದುರುಮನೆಯವರಿಗೆ ತಮ್ಮ ಬೋರ್‌ವೆಲ್ ಇನ್ನೂ ಬತ್ತಿಲ್ಲವೆಂಬ ಹೆಮ್ಮೆ. ಮೂಲೆಮನೆಯವರಿಗೆ ತಮ್ಮ ಹಳೇ ಸ್ಕೂಟರು ಇವತ್ತಿಗೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆಂಬ ಹೆಮ್ಮೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಫೈಲುಗಳ ಹಿಂದೆ ಕೂತು, ಯಾರ ಕಣ್ಣಿಗೂ ಹೆಚ್ಚಾಗಿ ಬೀಳದೆ ನಿವೃತ್ತನಾದವನು. ಹಾಡಲು ಬರುವುದಿಲ್ಲ, ಷೇರು ಮಾರುಕಟ್ಟೆ ಅರ್ಥವಾಗುವುದಿಲ್ಲ, ನನ್ನ ಸ್ಕೂಟರಿಗೆ ಎಷ್ಟು ಕಿಕ್ಕು ಬೇಕೆಂದು ಹೇಳದಿರುವುದೇ ಒಳ್ಳೆಯದು. ಆದರೆ ನನ್ನ ಕೈಗೆ ಒಂದು ಹೋಳಿಗೆ ತಟ್ಟೆ ಕೊಟ್ಟು ಪಂಕ್ತಿಯ ತುದಿಯಲ್ಲಿ ನಿಲ್ಲಿಸಿ ನೋಡಿ. ಬಡಿಸುವುದರಲ್ಲಿ ನನ್ನ ಸಮಕ್ಕೆ ನಿಲ್ಲುವವರು ನಮ್ಮ ಬಂಧುಬಳಗದಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ನನ್ನ ಹೆಂಡತಿ ನಾಗರತ್ನಳೇ ಒಪ್ಪಿಕೊಂಡಿದ್ದಾಳೆ. ಒಪ್ಪಿಕೊಳ್ಳುವಾಗ ಅವಳ ಧ್ವನಿಯಲ್ಲಿ ಮೆಚ್ಚುಗೆ ಇರಲಿಲ್ಲ, ಅದು ಬೇರೆ ವಿಷಯ.

ನಮ್ಮಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಇರಲಿ, ಅಡುಗೆಯವರು ಎಷ್ಟು ಜನರನ್ನು ಕರೆತಂದಿದ್ದರೂ ಸಿಹಿ ಬಡಿಸಲು ಮನೆಯವರೇ ಪಂಚೆ ಎತ್ತಿಕಟ್ಟಿ ಇಳಿಯಬೇಕು. ಇಳಿದ ಮೇಲೆ ಸುಮ್ಮನೆ ಹಾಕಿಕೊಂಡು ಹೋದರೆ ಅದು ಬಡಿಸಿದಂತಲ್ಲ, ಉಪಚಾರ ಮಾಡಬೇಕು. ಉಪಚಾರವೆಂದರೆ ಬೇಡ ಎನ್ನುವವರ ಎಲೆಗೆ ಬೀಳಿಸುವ ಕಲೆ. ನನ್ನ ಬಳಿ ಇದಕ್ಕೆ ಹಲವು ಪಟ್ಟುಗಳಿವೆ. ಪಕ್ಕದವರ ಎಲೆಯನ್ನೇ ನೋಡುತ್ತಾ, ಅವರೊಡನೆಯೇ ಮಾತಾಡುತ್ತಾ, ಕೈ ಮಾತ್ರ ಈಚೆ ಎಲೆಗೆ ಚಾಚಿ ಹೋಳಿಗೆ ಇಳಿಸಿಬಿಡುವುದು ಒಂದು. ಕೈ ಅಡ್ಡ ಹಿಡಿದವರಿಗೆ ತುಪ್ಪವನ್ನು ಎತ್ತರದಿಂದ ಸಣ್ಣಗೆ ಬಿಟ್ಟು ಬೆರಳ ಸಂದಿಯಿಂದ ದಾಟಿಸುವುದು ಇನ್ನೊಂದು. ‘ಪಾಪ, ಅಷ್ಟು ದೂರದಿಂದ ಬಂದಿದೀರಿ’ ಎಂದು ಮರುಕ ತೋರಿಸಿದರೂ ಕೆಲಸವಾಗುತ್ತದೆ. ಒಮ್ಮೆ ಇಲ್ಲೇ ಶ್ರೀನಗರದಿಂದ ಆಟೋದಲ್ಲಿ ಬಂದವರೊಬ್ಬರಿಗೆ ಇದನ್ನೇ ಹೇಳಿ ಮೂರು ಹೋಳಿಗೆ ಇಳಿಸಿದ್ದೇನೆ. ಯಾವುದಕ್ಕೂ ಬಗ್ಗದವರಿಗೆ ಕೊನೆಯ ಅಸ್ತ್ರ ‘ನನ್ನಾಣೆ’. ಆಣೆ ಬಿದ್ದ ಮೇಲೆ ಎಲೆಯ ಮೇಲಿನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ನನ್ನ ಮಗನ ಮದುವೆಯಲ್ಲಿ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಹನ್ನೊಂದು ಹೋಳಿಗೆ ತಿಂದು ಮೂರು ದಿನ ರಜೆ ಹಾಕಿದರು. ಅವರ ರಜಾ ಅರ್ಜಿಗೆ ಶಿಫಾರಸು ಬರೆದವನೂ ನಾನೇ.

ಈ ವಿದ್ಯೆಯ ಮೂಲಸೂತ್ರ ಇಷ್ಟೇ: ‘ಸಾಕು’ ಎಂಬ ಮಾತನ್ನು ನಂಬಬಾರದು. ಮೊದಲನೆಯ ಸಾಕು ಬರೀ ಗಂಟಲು ಸರಿಮಾಡಿಕೊಳ್ಳುವ ಶಬ್ದ. ಎರಡನೆಯದು ಮರ್ಯಾದೆಗೆ ಹೇಳುವುದು. ಮೂರನೆಯ ಸಲ ಎರಡು ಕೈಯೂ ಎಲೆಗೆ ಅಡ್ಡ ಬಂದು, ಎದೆಯೂ ಎಲೆಯ ಮೇಲೆ ಬಾಗಿದರೆ ಅದು ನಿಜವಾದ ಸಾಕು. ಅದರ ಮೇಲೂ ಇನ್ನೊಂದು ಬಡಿಸಬೇಕು, ಅದು ಬಡಿಸುವವನ ಪ್ರೀತಿ. ಉಣ್ಣುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಮೊದಲ ಸಾಕನ್ನೇ ನಂಬಿ ಯಾರಾದರೂ ಮುಂದಿನ ಎಲೆಗೆ ಹೋಗಿಬಿಟ್ಟರೆ ಅವರು ಮನೆಗೆ ಹೋಗಿ, ‘ಸಾಕು ಅಂದಿದ್ದೇ ತಡ, ತಟ್ಟೆ ಎತ್ಕೊಂಡು ಹೊರಟೇಹೋದ ಕಣೇ’ ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡಿದ್ದೇನೆ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ಪ್ರಣತಿ, ವಯಸ್ಸು ಹತ್ತು. ಮಗ ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಅವಳ ಊಟ ತಿಂಡಿ ನನ್ನ ಪಾಲಿಗೆ. ಮದುವೆ ಮುಂಜಿಗಳು ವರ್ಷಕ್ಕೆ ಎಷ್ಟು ಬಂದಾವು? ಮಿಕ್ಕ ದಿನಗಳಲ್ಲಿ ಕೈ ಜಡ್ಡುಗಟ್ಟದಂತೆ ನನ್ನ ವಿದ್ಯೆಯನ್ನೆಲ್ಲ ಈ ಮಗುವಿನ ತಟ್ಟೆಯ ಮೇಲೆ ಪ್ರಯೋಗಿಸಿದೆ. ಕಾಗೆಗೊಂದು ತುತ್ತು, ಚಂದಮಾಮನಿಗೊಂದು, ಅಜ್ಜಿಗೊಂದು, ಆಫೀಸಿಗೆ ಹೋದ ಅಪ್ಪನಿಗೊಂದು. ಅಷ್ಟೂ ಜನರ ಪಾಲು ಇವಳ ಹೊಟ್ಟೆಗೇ ಹೋಗುತ್ತಿತ್ತು. ಅವಳಿಗೆ ಒಂದು ವರ್ಷವಾದಾಗ ನಮ್ಮ ಬಡಾವಣೆಯ ಸಂಘದವರು ನಡೆಸಿದ ಆರೋಗ್ಯವಂತ ಮಗು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಸ್ಟೀಲಿನ ಡಬ್ಬಿ. ಅದನ್ನು ಎರಡು ಕೈಯಲ್ಲಿ ಹಿಡಿದು ವೇದಿಕೆಯಿಂದ ಇಳಿದವನು ನಾನು. ಅಂದಿನಿಂದ ಅವಳನ್ನು ‘ಗುಂಡಮ್ಮ’ ಎಂದು ಕರೆಯುತ್ತಿದ್ದೆ, ಬೀದಿಗೆಲ್ಲ ಕೇಳುವ ಹಾಗೆ.

ಒಂದು ದಿನ ನಾಗರತ್ನ ಮೊಮ್ಮಗಳಿಗೆ ಎಣ್ಣೆನೀರು ಹಾಕುವಾಗ, ಕುತ್ತಿಗೆಯ ಹಿಂಭಾಗ ಕಪ್ಪಗಾಗಿರುವುದನ್ನು ಕಂಡಳು. ಕೊಳೆ ಎಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕಿದಳು. ಹೋಗಲಿಲ್ಲ. ಮುಂದಿನ ವಾರ ನಿಂಬೆಹಣ್ಣಿನ ಹೋಳು ಹಾಕಿ ತಿಕ್ಕಿದಳು. ಕುತ್ತಿಗೆ ಕೆಂಪಗಾಯಿತೇ ಹೊರತು ಕಪ್ಪು ಕದಲಲಿಲ್ಲ. ಅಷ್ಟರಲ್ಲಿ ಹುಡುಗಿ ಶಾಲೆಗೆ ಎರಡು ಜಡೆ ಹಾಕಿಸಿಕೊಳ್ಳುವುದನ್ನೇ ಬಿಟ್ಟಿದ್ದಳು. ‘ಕೂದ್ಲು ಇಳಿಬಿಡು ಅಜ್ಜಿ’ ಎಂದು ದಿನಾ ಹಟ. ಕೊನೆಗೆ ಒಂದು ಸಂಜೆ ನನ್ನ ಮಗ್ಗುಲಲ್ಲಿ ಕೂತು, ಗೋಡೆ ನೋಡುತ್ತಾ ಹೇಳಿದಳು: “ಕ್ಲಾಸಲ್ಲಿ ನೀನು ಸ್ನಾನ ಮಾಡಲ್ವಾ ಅಂತ ಕೇಳ್ತಾರೆ ತಾತ. ಆಮೇಲೆ, ಸ್ಕೂಲ್ ಗೇಟ್ ಹತ್ರ ನನ್ನನ್ನ ಗುಂಡಮ್ಮ ಅಂತ ಕರೀಬೇಡ. ಎಲ್ಲಾರೂ ಹಾಗೇ ಕರೀತಾರೆ.” ಆ ಹೆಸರನ್ನು ನಾನು ಬಹುಮಾನದ ಜೊತೆಗೆ ಕೊಟ್ಟಿದ್ದೆನಲ್ಲ, ಅದು ಅವಳಿಗೆ ಇಷ್ಟು ಭಾರವಾಗಿದೆಯೆಂದು ನನಗೆ ಹೊಳೆದಿರಲೇ ಇಲ್ಲ.

ಸೊಸೆ ಸ್ಮಿತಾ ಮಾರನೆಯ ದಿನವೇ ರಜೆ ಹಾಕಿ ಜಯನಗರದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ನಾನೂ ಹೊರಟೆ. ಡಾಕ್ಟರು ನಗುಮುಖದ ಹೆಣ್ಣುಮಗಳು. ಕುತ್ತಿಗೆ ನೋಡಿದರು, ತೂಕ ಎತ್ತರ ನೋಡಿದರು, ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನು ಮಾಡಿಸಿದರು. ರಿಪೋರ್ಟು ಬಂದ ದಿನ ಹೇಳಿದರು: “ಇದು ಕೊಳೆ ಅಲ್ಲಮ್ಮ, ತಿಕ್ಕಬೇಡಿ. ದೇಹದಲ್ಲಿ ಇನ್ಸುಲಿನ್ ಅತಿಯಾಗಿ ದುಡೀತಿದೆ ಅನ್ನೋದಕ್ಕೆ ಚರ್ಮ ಕೊಡ್ತಿರೋ ಗುರುತು. ಖಾಲಿ ಹೊಟ್ಟೆ ಶುಗರ್ ಗಡಿ ಮೇಲಿದೆ. ಲಿವರ್‌ನಲ್ಲಿ ಸ್ವಲ್ಪ ಕೊಬ್ಬಿದೆ.” ಸಕ್ಕರೆ ಎಂದರೆ ನಮ್ಮ ವಯಸ್ಸಿನವರ ಮಾತು ಎಂದುಕೊಂಡಿದ್ದವನು ನಾನು. ಹತ್ತು ವರ್ಷದ ಮಗುವಿನ ಹೆಸರಿನ ಕೆಳಗೆ ಅದನ್ನು ನೋಡಿ, ರಿಪೋರ್ಟು ಬೇರೆ ಯಾರದೋ ಇರಬೇಕೆಂದು ಹೆಸರನ್ನು ಇನ್ನೊಮ್ಮೆ ಓದಿದೆ. “ಹೆದರಬೇಡಿ, ಇನ್ನೂ ಏನೂ ಕೈಮೀರಿಲ್ಲ. ಈಗಲೇ ತಿದ್ಕೊಂಡ್ರೆ ಸರಿಹೋಗತ್ತೆ. ಬೆಳೆಯೋ ಮಗು, ಉಪವಾಸ ಗಿಪವಾಸ ಬೇಡವೇ ಬೇಡ. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ” ಎಂದರು.

ಆಮೇಲೆ ಊಟದ ವಿಚಾರಣೆ ಶುರುವಾಯಿತು. ಬಾಟಲಿ ಜ್ಯೂಸು, ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ, ಟೀವಿ ಮುಂದೆ ಬಿಸ್ಕತ್ತು, ಎಲ್ಲಕ್ಕೂ ಸ್ಮಿತಾ ತಲೆ ತಗ್ಗಿಸಿ ಉತ್ತರ ಕೊಟ್ಟಳು. ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿದರು. “ಸಾರ್, ಊಟಕ್ಕೆ ಹಾಕೋರು ನೀವಂತೆ. ಮಗು ಸಾಕು ಅಂದಾಗ ಏನ್ ಮಾಡ್ತೀರಿ?”

“ಇನ್ನೊಂದು ಸೌಟು ಹಾಕ್ತೀನಿ ಡಾಕ್ಟ್ರೇ” ಎಂದೆ. ಸುಳ್ಳೇಕೆ ಹೇಳಲಿ, ಹೆಮ್ಮೆಯಿಂದಲೇ ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಹುಟ್ಟಿದಾಗ ಪ್ರತಿ ಮಗೂಗೂ ಎಷ್ಟು ಸಾಕು ಅಂತ ಗೊತ್ತಿರತ್ತೆ ಸಾರ್. ಅದು ಹೇಳ್ತಾನೇ ಇರತ್ತೆ, ನಾವು ಕೇಳಲ್ಲ. ಹತ್ತು ವರ್ಷ ಯಾರೂ ಕೇಳದೆ ಇದ್ರೆ ಅದು ಹೇಳೋದನ್ನೇ ಮರೆತುಬಿಡತ್ತೆ. ಬರೆದುಕೊಟ್ಟಿರೋದೆಲ್ಲ ಮನೆಯವರು ಮಾಡ್ತಾರೆ. ನಿಮಗೆ ಒಂದೇ ಒಂದು ಕೆಲಸ. ಅವಳು ಸಾಕು ಅಂದ್ರೆ ಸೌಟು ಕೆಳಗಿಡಿ.”

ಒಂದೇ ಕೆಲಸ! ಮಾತ್ರೆ ನುಂಗು ಎಂದಿದ್ದರೆ ನುಂಗುತ್ತಿದ್ದೆ, ಕೆರೆ ಸುತ್ತ ಹತ್ತು ಸುತ್ತು ಓಡು ಎಂದಿದ್ದರೆ ಏಳು ಸುತ್ತಾದರೂ ನಡೆಯುತ್ತಿದ್ದೆ. ಮಾರನೆಯ ದಿನ ಬೆಳಗ್ಗೆ ದೋಸೆ. ಪ್ರಣತಿ ಎರಡು ತಿಂದು “ಸಾಕು ತಾತ” ಎಂದಳು. ನನ್ನ ಕೈಯಲ್ಲಿ ಮೂರನೆಯದು, ಹೆಂಚಿನಿಂದ ಆಗತಾನೇ ಇಳಿದದ್ದು, ಅಂಚು ಗರಿಗರಿ. ಕೈ ಅರ್ಧ ದಾರಿ ಹೋಗಿಬಿಟ್ಟಿತ್ತು. ಹಿಂದಕ್ಕೆ ತರುವುದು ಹೇಗೆಂದು ಆ ಕೈಗೆ ಗೊತ್ತೇ ಇಲ್ಲ. ಸ್ಮಿತಾ ಬಾಗಿಲಲ್ಲಿ ನಿಂತು, “ಮಾವ...” ಎಂದಳು. ಆ ದೋಸೆಯನ್ನು ನನ್ನ ಬಾಯಿಗೇ ಹಾಕಿಕೊಂಡೆ. ಹೀಗೆ ಒಂದು ವಾರ, ಅವಳು ಬಿಟ್ಟದ್ದನ್ನೆಲ್ಲ ನಾನು ತಿಂದು ನನ್ನ ಪಂಚೆಯ ಗಂಟು ಸಡಿಲ ಮಾಡಿಕೊಳ್ಳಬೇಕಾಯಿತು. ನಾಗರತ್ನ ನೋಡುವಷ್ಟು ನೋಡಿ, ಪಾತ್ರೆಗಳನ್ನೆಲ್ಲ ಮೇಜಿನ ಮಧ್ಯೆ ಇಟ್ಟು ಘೋಷಿಸಿದಳು: “ಇವತ್ತಿಂದ ಅವರವರು ಅವರವರಿಗೆ ಬಡಿಸ್ಕೊಳ್ಳೋದು. ನೀವು ಸುಮ್ನೆ ಕೂತ್ಕೊಳ್ರೀ.” ಕಚೇರಿಯಿಂದ ನಿವೃತ್ತನಾದ ದಿನ ನನಗೆ ಇಷ್ಟು ಬೇಜಾರಾಗಿರಲಿಲ್ಲ. ಅಲ್ಲಿ ಹಾರವಾದರೂ ಹಾಕಿದ್ದರು.

ಆ ಭಾನುವಾರ ಮಧ್ಯಾಹ್ನ ಒಂದು ಘಟನೆ ನಡೆಯಿತು. ಪ್ರಣತಿ ಅನ್ನ, ಹುಳಿ, ಬೀನ್ಸ್ ಪಲ್ಯ ತಾನೇ ಬಡಿಸಿಕೊಂಡು ಊಟ ಮಾಡುತ್ತಿದ್ದವಳು ನಡುವೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ತಾತ, ನನಗೆ ಸಾಕಾಯ್ತಾ?”

ತಮಾಷೆಗೆ ಕೇಳುತ್ತಿದ್ದಾಳೆಂದು ನಗಲು ಹೋದೆ. ಇಲ್ಲ, ಅವಳು ನಿಜವಾಗಿಯೇ ಕೇಳುತ್ತಿದ್ದಳು. ತನ್ನ ಹೊಟ್ಟೆ ತುಂಬಿತೇ ಇಲ್ಲವೇ ಎಂಬುದು ಆ ಮಗುವಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಅದನ್ನು ನಿರ್ಧರಿಸುತ್ತಿದ್ದವನು ನಾನು. ಹನ್ನೊಂದು ಹೋಳಿಗೆ ತಿನ್ನಿಸಿದ್ದಕ್ಕೂ ನಾಚದಿದ್ದ ನಾನು ಅವತ್ತು ನಾಚಿಕೊಂಡೆ. “ನನಗೆ ಹೇಗಮ್ಮ ಗೊತ್ತಾಗತ್ತೆ? ಹೊಟ್ಟೆ ನಿಂದು. ಅದನ್ನೇ ಕೇಳು” ಎಂದೆ.

ನಾನು ಬಾಯಿಗೆ ಬಂದದ್ದು ಹೇಳಿದ್ದೆ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನಿಂದ ಊಟದ ನಡುವೆ ಕಣ್ಣು ಮುಚ್ಚಿ, ಎಡಗೈ ಹೊಟ್ಟೆಯ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ರೂಢಿಯಾಯಿತು. ಮೊದಲ ಸಲ ಕಂಡಾಗ ನಾಗರತ್ನ, ಮಗುವಿಗೆ ಭಕ್ತಿ ಬಂದಿದೆಯೆಂದು ಖುಷಿಪಟ್ಟಳು. ಕಣ್ಣು ಬಿಟ್ಟ ಮೇಲೆ ತೀರ್ಪು ಹೊರಬೀಳುತ್ತಿತ್ತು. “ಇನ್ನು ನಾಕು ತುತ್ತು ಬೇಕಂತೆ.” ಅಥವಾ, “ಪಲ್ಯ ಬೇಕಂತೆ, ಅನ್ನ ಬೇಡ್ವಂತೆ.” ಒಂದೊಂದು ದಿನ ಹೊಟ್ಟೆ ಐಸ್‌ಕ್ರೀಮ್ ಕೇಳುತ್ತಿತ್ತು. “ಅದು ಹೊಟ್ಟೆ ಅಲ್ಲ ತಾತ, ನಾಲಿಗೆ ಮಧ್ಯ ಬಾಯಿ ಹಾಕ್ತು” ಎಂದು ಅವಳೇ ತಿದ್ದಿಕೊಳ್ಳುತ್ತಿದ್ದಳು. ಒಂದೆರಡು ದಿನ ಜ್ಯೂಸಿಗಾಗಿ ನೆಲದ ಮೇಲೆ ಬಿದ್ದು ಅತ್ತದ್ದೂ ಉಂಟು. ನಾವು ಯಾರೂ ಬಗ್ಗಲಿಲ್ಲ, ಏಕೆಂದರೆ ಮನೆಗೆ ಜ್ಯೂಸು ತರುವುದನ್ನೇ ಎಲ್ಲರೂ ಬಿಟ್ಟಿದ್ದೆವು. ಟೀವಿ ಮುಂದಿನ ಊಟ ನಿಂತಿತು. ಬಿಸ್ಕತ್ತಿನ ಜಾಗಕ್ಕೆ ಹುರಿದ ಕಡಲೆ, ಸೀಬೆಹಣ್ಣು ಬಂದವು.

ಸಂಜೆ ಯಡಿಯೂರು ಕೆರೆಯ ಸುತ್ತ ನಾವಿಬ್ಬರೂ ನಡೆಯತೊಡಗಿದೆವು. ಮೊದಲ ವಾರ ಅವಳು ನನ್ನ ಕೈ ಹಿಡಿದು ‘ಸಾಕು ತಾತ’ ಎನ್ನುತ್ತಿದ್ದಳು. ಎರಡನೆಯ ತಿಂಗಳಲ್ಲಿ ನಾನು ಬೆಂಚು ಹಿಡಿದು ‘ಸಾಕಮ್ಮ’ ಎನ್ನುತ್ತಿದ್ದೆ. ಅವಳು ಮಾತ್ರ ಒಂದೇ ಸಲಕ್ಕೆ ನಂಬಿ ನನ್ನನ್ನು ಕೂರಿಸಿ, ತಾನೊಂದು ಸುತ್ತು ಹೋಗಿ ಬರುತ್ತಿದ್ದಳು. ಅಲ್ಲಿಯೇ ನನ್ನ ಹಳೇ ಸಹೋದ್ಯೋಗಿ, ಅದೇ ಹನ್ನೊಂದು ಹೋಳಿಗೆಯ ಗೋಪಾಲಯ್ಯ, ಎದುರಾಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ಏನ್ ಸಾರ್, ಮೊಮ್ಮಗಳು ಸೊರಗಿಬಿಟ್ಟಿದಾಳೆ! ಮನೇಲಿ ಊಟಗೀಟ ಹಾಕ್ತೀರೋ ಇಲ್ವೋ?” ಎಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಯಾರಿಗೆ ಹೇಳುತ್ತಿದ್ದೀರಿ ಸ್ವಾಮಿ ಈ ಮಾತನ್ನು! ನಿಮ್ಮ ಹೊಟ್ಟೆಯನ್ನೇ ಕೇಳಿ, ಅದಕ್ಕೆ ನೆನಪಿದೆ! ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, “ಹಾಕ್ತೀವಿ, ಕೇಳಿ ಹಾಕ್ತೀವಿ” ಎಂದೆ. ಮಗುವಿನ ಮುಂದೆ ಅಷ್ಟಾದರೂ ತಾಳ್ಮೆ ತೋರಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮತ್ತೆ ರಕ್ತ ಕೊಡಲು ಒಂದು ವಾರವಿತ್ತು. ಚಿಕ್ಕಲಸಂದ್ರದಲ್ಲಿ ನನ್ನ ತಮ್ಮ ಮೂರ್ತಿಯ ಹೊಸಮನೆಯ ಗೃಹಪ್ರವೇಶ ಬಂತು. ಮೂರ್ತಿ ಬಡಿಸುವುದರಲ್ಲಿ ನನ್ನ ಶಿಷ್ಯ, ನಾನೇ ತಯಾರು ಮಾಡಿದವನು. ಇಬ್ಬರೂ ಪಂಚೆ ಕಟ್ಟಿ ಇಳಿದೆವು. ಅವನ ಕೈಯಲ್ಲಿ ಹೋಳಿಗೆ, ನನ್ನ ಕೈಯಲ್ಲಿ ತುಪ್ಪದ ಗಿಂಡಿ. ಪ್ರಣತಿ ಪಂಕ್ತಿಯ ನಡುವೆ ಕೂತಿದ್ದಳು. ಅವಳು ಒಂದು ಹೋಳಿಗೆಯನ್ನು ಚೂರೂ ಬಿಡದೆ, ಆಸೆಯಿಂದ ತಿಂದಳು. ಮೂರ್ತಿ ಎರಡನೆಯದು ತಂದ. “ಸಾಕು ಚಿಕ್ಕತಾತ” ಎಂದಳು. ಅವನು ಪಕ್ಕದ ಎಲೆ ನೋಡುತ್ತಾ ಕೈ ಈಚೆ ಚಾಚಿದ. ಅವಳು ಎಲೆಗೆ ಕೈ ಅಡ್ಡ ಹಿಡಿದಳು. “ಪುಟ್ಟಿ, ಇಷ್ಟೇ ಇಷ್ಟು, ಇದು ಹೊಟ್ಟೇಲಿ ಎಲ್ಲಿ ಕಾಣತ್ತೆ?” ಎಂದ. ಎರಡನೆಯ ಕೈಯೂ ಬಂತು. ಆಗ ಮೂರ್ತಿ ಎದೆ ಮುಟ್ಟಿಕೊಂಡು ಗಟ್ಟಿಯಾಗಿ ಹೇಳಿದ: “ನನ್ನಾಣೆ! ಚಿಕ್ಕತಾತನ ಹೊಸಮನೆ ಊಟ, ಇನ್ನೊಂದು ಹಾಕಿಸ್ಕೊಳ್ಳೇಬೇಕು.”

ಪಂಕ್ತಿಯೆಲ್ಲ ಇತ್ತ ನೋಡಿತು. ಆಣೆಯ ಮುಂದೆ ಕೈ ತೆಗೆಯದವರನ್ನು ನಾನು ಈವರೆಗೆ ಕಂಡಿಲ್ಲ. ದೊಡ್ಡದೊಡ್ಡವರು, ಸಕ್ಕರೆ ಕಾಯಿಲೆಯವರು, ಹಲ್ಲಿಲ್ಲದವರು, ಎಲ್ಲರೂ ತೆಗೆದಿದ್ದಾರೆ. ಅವಳು ಕಣ್ಣು ಮುಚ್ಚಿದಳು. ತೆರೆದಳು. ಕೆನ್ನೆ ಕೆಂಪಗಾಗಿತ್ತು, ಆದರೆ ಮಾತು ನಡುಗಲಿಲ್ಲ. “ಆಣೆ ಹಾಕ್ಬೇಡಿ ಚಿಕ್ಕತಾತ. ಹೋಳಿಗೆ ಸಖತ್ತಾಗಿದೆ. ನನ್ ಹೊಟ್ಟೆ ಕೇಳ್ದೆ, ಸಾಕು ಅಂತು.”

ಯಾರೋ ಕಿಸಕ್ಕನೆ ನಕ್ಕರು. ಮೂರ್ತಿ ತಟ್ಟೆ ಹಿಡಿದೇ ನನ್ನ ಕಡೆ ತಿರುಗಿದ. “ಏನಣ್ಣಾ ಇದು, ನಿನ್ನ ಮೊಮ್ಮಗಳಾಗಿ ಒಂದಕ್ಕೇ ನಿಂತುಬಿಟ್ಳಲ್ಲ! ಹೇಳು ನೀನಾದ್ರೂ.” ಅವಳೂ ನನ್ನನ್ನೇ ನೋಡಿದಳು. ಎರಡು ಕೈ ಎಲೆಯ ಮೇಲೆ, ಕಣ್ಣು ನನ್ನ ಮೇಲೆ. ನನ್ನ ಇಡೀ ಜೀವಮಾನದ ಖ್ಯಾತಿ ಆ ತುಪ್ಪದ ಗಿಂಡಿಯಲ್ಲಿತ್ತು. ಹೇಳಿದೆ: “ಮೂರ್ತಿ, ಸಾಕು ಅಂದ್ರೆ ಸಾಕು. ಮುಂದಕ್ಕೆ ಹೋಗು.” ಪಂಕ್ತಿಯಲ್ಲಿ ನಿಂತು ನಾನು ಆ ಮಾತು ಆಡಿದ್ದು ಅದೇ ಮೊದಲು. ಮೂರ್ತಿ ಬಾಯಿ ತೆರೆದುಕೊಂಡು ಮುಂದಕ್ಕೆ ಹೋದ. ಪ್ರಣತಿ ಕೈ ತೆಗೆದು ಮಜ್ಜಿಗೆ ಅನ್ನಕ್ಕೆ ಕಾದಳು. ನನಗೆ ಕಣ್ಣು ಮಂಜಾಗಿ ಯಾರ ಎಲೆಗೆ ತುಪ್ಪ ಬಿಟ್ಟೆನೋ ತಿಳಿಯಲಿಲ್ಲ. ಆಮೇಲೆ ಕೇಳಿದರೆ ಒಬ್ಬರ ಉಪ್ಪಿನಕಾಯಿಗೆ ಬಿಟ್ಟಿದ್ದೆನಂತೆ.

ಮುಂದಿನ ವಾರ ರಿಪೋರ್ಟು ಬಂತು. ಶುಗರ್ ಗಡಿಯಿಂದ ಈಚೆಗೆ ಬಂದಿತ್ತು. ತೂಕ ಇದ್ದಷ್ಟೇ ಇತ್ತು, ಎತ್ತರ ಬೆಳೆದಿತ್ತು. ಬೆಳೆಯುವ ಮಗುವಿಗೆ ಅದೇ ಬೇಕಾದದ್ದು ಎಂದರು ಡಾಕ್ಟರು. ಕುತ್ತಿಗೆಯ ಕಪ್ಪು ತಿಳಿಯಾಗುತ್ತಿದೆ, ಲಿವರ್‌ಗೆ ಇನ್ನಷ್ಟು ಕಾಲ ಬೇಕು, ಹೀಗೇ ಮುಂದುವರಿಯಲಿ ಎಂದರು. ಆಮೇಲೆ ಪ್ರಣತಿಯನ್ನು, “ಯಾರಮ್ಮ ಇದನ್ನೆಲ್ಲ ಮಾಡಿದ್ದು?” ಎಂದು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂಗಿ ಸರಿಮಾಡಿಕೊಂಡೆ. “ನಾನೇ” ಎಂದಳು ಅವಳು. ಸರಿಯಾಗಿಯೇ ಹೇಳಿದಳು. ಆರೋಗ್ಯವಂತ ಮಗುವಿನ ಡಬ್ಬಿ ಹಿಡಿದು ಇಳಿದಾಗಲೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಮಾರನೆಯ ದಿನ ಅವಳು ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋದಳು. ಗೇಟಿನ ಹತ್ತಿರ ನಾನು “ಪ್ರಣತೀ” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

ಆ ಭಾನುವಾರ ನಾಗರತ್ನ ಸಂತೋಷಕ್ಕೆ ಕಾಯಿಹೋಳಿಗೆ ಮಾಡಿದಳು. ಅಪರೂಪಕ್ಕೆ ಒಂದು ತಿನ್ನಬಹುದೆಂದು ಡಾಕ್ಟರು ಒಪ್ಪಿದ್ದರು. “ಇವತ್ತು ನಾನು ಬಡಿಸ್ತೀನಿ” ಎಂದು ಪ್ರಣತಿ ತಟ್ಟೆ ಹಿಡಿದು ನಿಂತಳು. ಬಾಳೆಲೆ ಹಾಕಿಸಿದಳು. ತಟ್ಟೆ ಹಿಡಿಯುವ ರೀತಿ, ಬಾಗುವ ರೀತಿ, ನನ್ನ ಮೊಮ್ಮಗಳೆಂದು ಯಾರಾದರೂ ಹೇಳಿಯಾರು. ನನ್ನ ಎಲೆಗೆ ಒಂದು ಹಾಕಿದಳು. ಮುಗಿಸಿದೆ. ಏಲಕ್ಕಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವಳು ಎರಡನೆಯ ಸುತ್ತು ಬಂದು, “ತಾತ, ಇನ್ನೊಂದು?” ಎಂದಳು. ಅರವತ್ತೈದು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಎಲೆಗೆ ಅಡ್ಡ ಹೋಯಿತು, ಬಾಯಿ ತಾನಾಗಿ ಹೇಳಿತು: “ಅಯ್ಯೋ, ಸಾಕಮ್ಮ ಸಾಕು.”

ಅವಳು ನನ್ನ ಮುಖವನ್ನು ಎಷ್ಟು ಮೆಚ್ಚುಗೆಯಿಂದ ನೋಡಿದಳೆಂದರೆ, ಹಾಗೆ ನನ್ನನ್ನು ಕಚೇರಿಯಲ್ಲೂ ಯಾರೂ ನೋಡಿದ್ದಿಲ್ಲ. “ಹೊಟ್ಟೆ ಕೇಳಿದ್ಯಾ ತಾತ? ಗುಡ್” ಎಂದು ತಟ್ಟೆಯನ್ನು ಒಳಗೆ ಕೊಂಡೊಯ್ದು ಮುಚ್ಚಿಟ್ಟಳು. ನಾಗರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಹೇಳಿದ್ದು ಮೊದಲನೆಯ ಸಾಕು, ಬರೀ ಗಂಟಲು ಸರಿಮಾಡಿಕೊಳ್ಳುವ ಶಬ್ದ ಎಂದು ಆ ಮಗುವಿಗೆ ಈಗ ಯಾವ ಬಾಯಲ್ಲಿ ಹೇಳಲಿ? ಖಾಲಿ ಎಲೆಯ ಮೇಲಿಂದ ಕೈ ತೆಗೆದು, ಬಹಳ ಹೆಮ್ಮೆಯಿಂದ ಎದ್ದು ಕೈ ತೊಳೆದುಕೊಂಡೆ.